ಕೊಡಗಿನ ತೋಟದ ಬಗ್ಗೆ ಕನ್ನಡ ಬ್ಲಾಗ್ ಶುರು ಮಾಡಿದ್ದೇನೆ, ಓದುವವರು ಬರುವ ಹಾಗೆ ಏನು ಮಾಡಬೇಕು?

ನಾಪೋಕ್ಲು_ತೋಟದಮನೆ
ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಹತ್ತಿರ ನಮ್ಮದು ಸಣ್ಣ ತೋಟ. ರೋಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಕೆಳಗೆ ಸ್ವಲ್ಪ ಗದ್ದೆ. ಹೋದ ಮಳೆಗಾಲ ಮುಗಿದ ಮೇಲೆ ಬ್ಲಾಗರ್‌ನಲ್ಲಿ ಒಂದು ಕನ್ನಡ ಬ್ಲಾಗ್ ಶುರು ಮಾಡಿದೆ. ತೋಟದ ಕೆಲಸ, ನಮ್ಮ ಕಡೆಯ ಅಡುಗೆ, ಹಬ್ಬ, ಮನೆ ಸುತ್ತ ಸಿಗುವ ಸೊಪ್ಪು, ಅಣಬೆ, ಇವೆಲ್ಲ ಬರೆಯುತ್ತಿದ್ದೇನೆ.

ಬರೆಯುವುದಕ್ಕೆ ವಿಷಯ ಬೇಕಾದಷ್ಟಿದೆ. ಓದುವವರೇ ಇಲ್ಲ. ಮನೆಯವರು, ನಾಲ್ಕು ಜನ ಸ್ನೇಹಿತರು, ಅಷ್ಟೇ. ಗೂಗಲ್‌ನಲ್ಲಿ ನನ್ನ ಬ್ಲಾಗಿನ ಹೆಸರನ್ನೇ ಹಾಕಿ ಹುಡುಕಿದರೂ ಬರುವುದಿಲ್ಲ. ಮಗಳು ಹೇಳುತ್ತಾಳೆ, ಇಂಗ್ಲಿಷಿನಲ್ಲಿ ಬರಿ, ಟೂರಿಸ್ಟ್‌ಗಳು ಓದುತ್ತಾರೆ ಅಂತ. ತಮ್ಮ ಹೇಳುತ್ತಾನೆ, ಬ್ಲಾಗಿನ ಕಾಲ ಮುಗಿಯಿತು, ರೀಲ್ಸ್ ಮಾಡು ಅಂತ. ನನಗೆ ಕನ್ನಡದಲ್ಲೇ ಬರೆಯಬೇಕು, ಬರೆದದ್ದು ಹತ್ತು ವರ್ಷ ಬಿಟ್ಟರೂ ಹುಡುಕಿದವರಿಗೆ ಸಿಗಬೇಕು.

ವರ್ಡ್‌ಪ್ರೆಸ್‌ಗೆ ಹೋಗಬೇಕಾ? ದುಡ್ಡು ಕೊಟ್ಟು ಡೊಮೈನ್, ಅಂದರೆ ಬ್ಲಾಗಿಗೆ ಸ್ವಂತ ವಿಳಾಸ, ತೆಗೆದುಕೊಳ್ಳಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಪೇಟೆಬೀದಿ_ವಿರಾಜಪೇಟೆ
ಅಕ್ಕ, ಮೊದಲು ಲಿಂಕ್ ಕಳಿಸಿ, ಇವತ್ತೇ ಓದುತ್ತೇನೆ. ಕೊಡಗಿನವರು ಕನ್ನಡದಲ್ಲಿ ಬರೆಯುವುದೇ ಕಡಿಮೆ ಆಗಿದೆ.

ಮಡಿಕೇರಿ_ಕಂಪ್ಯೂಟರ್
ಬ್ಲಾಗರ್ ಸಾಕು. 1999ರಿಂದ ಇದೆ, 2003ರಲ್ಲಿ ಗೂಗಲ್ ಕೊಂಡುಕೊಂಡಿತು, ಈಗಲೂ ಪುಕ್ಕಟೆ. ಹೋಸ್ಟಿಂಗ್ ಬಾಡಿಗೆ ಇಲ್ಲ, ಅಪ್‌ಡೇಟ್ ಕಾಟ ಇಲ್ಲ. ತೋಟದ ಕೆಲಸದ ನಡುವೆ ಬರೆಯುವವರಿಗೆ ಅದೇ ಒಳ್ಳೆಯದು.

ಹೆಸರು ಹಾಕಿದರೂ ಬರುವುದಿಲ್ಲ ಅಂದರೆ ಗೂಗಲ್ ನಿಮ್ಮ ಬ್ಲಾಗನ್ನು ಇನ್ನೂ ಪಟ್ಟಿಗೆ ಸೇರಿಸಿಲ್ಲ. ಬ್ಲಾಗರ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂತ ಒಂದು ಭಾಗ ಇದೆ. ಸರ್ಚ್ ಎಂಜಿನ್‌ಗಳಿಗೆ ಬ್ಲಾಗ್ ಕಾಣಿಸಲಿ ಅನ್ನುವ ಸ್ವಿಚ್ ಅಲ್ಲಿದೆ. ಅದು ಆನ್ ಇದೆಯಾ ನೋಡಿ. ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ಗೆ ಅದೇ ಜಿಮೇಲ್‌ನಿಂದ ಹೋಗಿ ಬ್ಲಾಗಿನ ವಿಳಾಸ ಸೇರಿಸಿ, ಸೈಟ್‌ಮ್ಯಾಪ್ (ಬ್ಲಾಗಿನ ಪುಟಗಳ ಪಟ್ಟಿ) ಕೊಡಿ. ಪುಕ್ಕಟೆ. ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿ ಒಳಗೆ ಬಂದರು ಅನ್ನುವುದು ಅಲ್ಲಿ ಸಿಗುತ್ತದೆ. ಬ್ಲಾಗರ್ ತೋರಿಸುವ ವ್ಯೂಸ್ ಲೆಕ್ಕ ನಂಬಬೇಡಿ. ಅದರಲ್ಲಿ ರೋಬೋಟ್‌ಗಳ ಭೇಟಿಯೂ ಸೇರಿಕೊಂಡಿರುತ್ತದೆ.

ಇನ್ನೊಂದು ಮುಖ್ಯ ವಿಷಯ. ಬ್ಲಾಗರ್‌ನಲ್ಲಿ ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಪುಟದ ವಿಳಾಸ ಬರೀ ‘ಬ್ಲಾಗ್-ಪೋಸ್ಟ್’ ಅಂತ ಆಗುತ್ತದೆ, ಮುಂದೆ ಒಂದು ಸಂಖ್ಯೆ. ಪಬ್ಲಿಷ್ ಒತ್ತುವ ಮೊದಲು ಬಲಗಡೆ ಪರ್ಮಾಲಿಂಕ್‌ನಲ್ಲಿ ಕಸ್ಟಮ್ ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಪದ ಹಾಕಿ. ವಾಟ್ಸಾಪ್‌ನಲ್ಲಿ ಕಳಿಸಿದಾಗ ಒಳಗೇನಿದೆ ಅಂತ ಜನರಿಗೂ ಅಂದಾಜು ಸಿಗುತ್ತದೆ. ಈಗಾಗಲೇ ಹಾಕಿದ ಪೋಸ್ಟ್‌ಗಳ ವಿಳಾಸ ಮುಟ್ಟಬೇಡಿ, ಹಂಚಿದ ಲಿಂಕ್ ಎಲ್ಲ ಕೆಟ್ಟುಹೋಗುತ್ತವೆ.

ಬೈಕ್_ಗೋಣಿಕೊಪ್ಪ
ಅಕ್ಕ, ವಿಸಿಟರ್ಸ್ ಬೇಕಾ? ‘ಕೊಡಗಿನಲ್ಲಿ ಯಾರಿಗೂ ಗೊತ್ತಿಲ್ಲದ 10 ಜಲಪಾತಗಳು’ ಅಂತ ಒಂದು ಪೋಸ್ಟ್ ಹಾಕಿ. ಮ್ಯಾಪ್ ಲೊಕೇಶನ್ ಕೊಡಿ. ಶನಿವಾರ ಭಾನುವಾರ ಬೆಂಗಳೂರಿನವರೆಲ್ಲ ಅದನ್ನೇ ಹುಡುಕುವುದು. ಒಂದೇ ತಿಂಗಳಲ್ಲಿ ಓಡುತ್ತದೆ ನೋಡಿ.

ಸೋಮವಾರಪೇಟೆ_ಏಲಕ್ಕಿ
ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ನಮ್ಮ ತೋಟದ ಪಕ್ಕ ಒಂದು ಸಣ್ಣ ಅಬ್ಬಿ (ಜಲಪಾತ) ಇದೆ. ಯಾರೋ ಲೊಕೇಶನ್ ಹಾಕಿದರು. ಈಗ ವಾರದ ಕೊನೆ ಬಂದರೆ ಬೇಲಿ ದಾಟಿ ಬರುತ್ತಾರೆ, ಬಾಟಲಿ ಒಡೆದು ಹೋಗುತ್ತಾರೆ. ಆ ನೀರು ಕೆಳಗಿನ ಮನೆಗಳಿಗೆ ಕುಡಿಯುವ ನೀರು. ಮಳೆಗಾಲದಲ್ಲಿ ಬಂಡೆ ಮೇಲೆ ಜಾರಿ ಬಿದ್ದರೆ ಎತ್ತುವವರೂ ನಾವೇ. ಅಬ್ಬಿ, ಇರ್ಪು, ಮಲ್ಲಳ್ಳಿಯಂಥ ಹೆಸರಾದ ಜಲಪಾತಗಳ ಬಗ್ಗೆ ಬರೆಯಿರಿ. ಅಲ್ಲಿ ರಸ್ತೆ ಇದೆ, ನೋಡಿಕೊಳ್ಳುವವರಿದ್ದಾರೆ. ಖಾಸಗಿ ತೋಟದೊಳಗಿನ ಜಾಗ, ದೇವರಕಾಡು, ಇವುಗಳ ಮ್ಯಾಪ್ ಹಾಕುವುದು ತಪ್ಪು.

ಬೈಕ್_ಗೋಣಿಕೊಪ್ಪ
ಅಣ್ಣ, ನಾನು ಹಾಕದಿದ್ದರೆ ಇನ್ನೊಬ್ಬ ಹಾಕುತ್ತಾನೆ. ಇಂಟರ್ನೆಟ್ ಇರುವುದೇ ಹಾಗೆ.

ಸೋಮವಾರಪೇಟೆ_ಏಲಕ್ಕಿ
ಇನ್ನೊಬ್ಬ ಹಾಕಿದರೆ ಅವನ ಹತ್ತಿರ ಮಾತಾಡುತ್ತೇನೆ. ಈಗ ನಿಮ್ಮ ಹತ್ತಿರ ಮಾತಾಡುತ್ತಿದ್ದೇನೆ.

ಹೋಂಸ್ಟೇ_ಕಕ್ಕಬ್ಬೆ
ಜಗಳ ಬೇಡ. ನಾನು ವ್ಯವಹಾರದ ಮಾತು ಹೇಳುತ್ತೇನೆ. ನಮ್ಮ ಹೋಂಸ್ಟೇಗೆ ಇಂಗ್ಲಿಷ್ ಬ್ಲಾಗ್ ಇದೆ. ಬರುವವರು ‘ಕೂರ್ಗ್’ ಅಂತಲೇ ಹುಡುಕುತ್ತಾರೆ, ಇಂಗ್ಲಿಷಿನಲ್ಲೇ ಓದುತ್ತಾರೆ. ತಡಿಯಂಡಮೋಳ್ ಬೆಟ್ಟ ಹತ್ತುವುದಕ್ಕೆ ಯಾವ ಕಾಲ ಒಳ್ಳೆಯದು, ಜಿಗಣೆಗೆ ಏನು ಮಾಡಬೇಕು, ಮಳೆಗಾಲದಲ್ಲಿ ಕಾರು ಎಲ್ಲಿವರೆಗೆ ಬರುತ್ತದೆ, ಇಂಥ ಪ್ರಶ್ನೆಗೆ ಉತ್ತರ ಬರೆದೆವು. ಅದನ್ನು ಓದಿ ನೇರವಾಗಿ ಫೋನ್ ಮಾಡುತ್ತಾರೆ, ಬುಕಿಂಗ್ ಸೈಟ್‌ಗೆ ಕಮಿಷನ್ ಕೊಡುವುದು ಉಳಿಯಿತು. ಕನ್ನಡದಲ್ಲಿ ಬರೆದಿದ್ದರೆ ಇದು ಆಗುತ್ತಿರಲಿಲ್ಲ. ಮಗಳು ಹೇಳಿದ್ದು ಸರಿ ಮೇಡಂ.

ಕನ್ನಡಮೇಷ್ಟ್ರು_ಕುಶಾಲನಗರ
ನಿಮ್ಮದು ರೂಮು ಕೊಡುವ ಬ್ಲಾಗ್. ಅವರದು ತೋಟದ ಬ್ಲಾಗ್. ಓದುವವರೇ ಬೇರೆ. ‘ಕೂರ್ಗ್’ ಅಂತ ಇಂಗ್ಲಿಷಿನಲ್ಲಿ ಬರೆದರೆ ದೊಡ್ಡ ಟ್ರಾವೆಲ್ ಕಂಪನಿಗಳ ಜೊತೆ ಪೈಪೋಟಿ. ಅವರ ಹತ್ತಿರ ಸಂಬಳಕ್ಕೆ ಬರೆಯುವವರಿದ್ದಾರೆ. ಮೊದಲ ಪುಟಕ್ಕೆ ಹೋಗುವುದು ಹೊಸಬರಿಗೆ ಆಗದ ಮಾತು. ಕನ್ನಡದಲ್ಲಿ ‘ರೋಬಸ್ಟಾ ಕಪಾತು ಯಾವಾಗ ಮಾಡಬೇಕು’ ಅಂತ, ಅಂದರೆ ಗಿಡದ ರೆಂಬೆ ಸವರುವುದು ಯಾವಾಗ ಅಂತ, ಹುಡುಕಿ ನೋಡಿ. ಓದುವಂಥದ್ದು ಎಷ್ಟು ಸಿಗುತ್ತದೆ? ಜಾಗ ಖಾಲಿ ಇದೆ. ಈಗ ಫೋನಿಗೆ ಮಾತಾಡಿಯೇ ಕನ್ನಡದಲ್ಲಿ ಹುಡುಕುತ್ತಾರೆ, ಟೈಪ್ ಮಾಡಲು ಬಾರದ ರೈತರೂ ಹುಡುಕುತ್ತಾರೆ. ಅವರಿಗೆ ಉತ್ತರ ಕೊಡುವವರು ಬೇಕು.

ಹೋಂಸ್ಟೇ_ಕಕ್ಕಬ್ಬೆ
ಸರ್, ಖಾಲಿ ಜಾಗ ಅಂದರೆ ಅಲ್ಲಿ ಗಿರಾಕಿಯೂ ಇಲ್ಲ ಅಂತ ಅರ್ಥ ಇರಬಹುದಲ್ವಾ?

ಕನ್ನಡಮೇಷ್ಟ್ರು_ಕುಶಾಲನಗರ
ಇರಬಹುದು. ಅದನ್ನು ತಿಳಿಯುವುದಕ್ಕೇ ಸರ್ಚ್ ಕನ್ಸೋಲ್ ಇರುವುದು. ಪುಟ ಕಾಣಿಸಿಕೊಂಡ ಲೆಕ್ಕ ಜಾಸ್ತಿ ಇದ್ದು ಒತ್ತಿದವರು ಕಡಿಮೆ ಇದ್ದರೆ ಶೀರ್ಷಿಕೆ ಸರಿಯಿಲ್ಲ. ಕಾಣಿಸಿಕೊಂಡದ್ದೇ ಇಲ್ಲ ಅಂದರೆ ಆ ಮಾತನ್ನು ಯಾರೂ ಹುಡುಕುತ್ತಿಲ್ಲ, ಇಲ್ಲವೇ ಗೂಗಲ್ ಪುಟವನ್ನು ಸೇರಿಸಿಲ್ಲ. ನೋಡಿ ತೀರ್ಮಾನ ಮಾಡಲಿ.

ನಾಪೋಕ್ಲು_ತೋಟದಮನೆ
ಮಡಿಕೇರಿಯವರು ಹೇಳಿದ ಹಾಗೆ ನೋಡಿದೆ. ಸ್ವಿಚ್ ಆನ್ ಇದೆ. ಸರ್ಚ್ ಕನ್ಸೋಲ್‌ಗೆ ಈಗ ಸೇರಿಸಿದೆ. ತುಂಬಾ ಥ್ಯಾಂಕ್ಸ್. ಜಲಪಾತದ ಬಗ್ಗೆ ಏಲಕ್ಕಿ ಅಣ್ಣ ಹೇಳಿದ್ದೇ ಸರಿ, ನಾನು ಲೊಕೇಶನ್ ಹಾಕುವುದಿಲ್ಲ. ಮೇಷ್ಟ್ರೇ, ನನ್ನ ಶೀರ್ಷಿಕೆಗಳು ‘ಮಳೆಯ ಹಾಡು’, ‘ಹೂವಿನ ದಿನಗಳು’ ಈ ಥರ ಇವೆ. ಇವು ಆಗುತ್ತವಾ?

ಮಡಿಕೇರಿ_ಕಂಪ್ಯೂಟರ್
ಓದಲು ಚೆನ್ನಾಗಿವೆ, ಆದರೆ ‘ಹೂವಿನ ದಿನಗಳು’ ಅಂತ ಯಾರು ಹುಡುಕುತ್ತಾರೆ? ‘ರೋಬಸ್ಟಾಕ್ಕೆ ಹೂಮಳೆ ಎಷ್ಟು ಬೇಕು, ಬರದಿದ್ದರೆ ಸ್ಪ್ರಿಂಕ್ಲರ್ ಯಾವಾಗ ಹಾಕಬೇಕು’ ಅಂತ ಬರೆಯಿರಿ. ಮಾರ್ಚ್‌ನಲ್ಲಿ ಬೆಳೆಗಾರರು ಕೇಳುವುದು ಅದನ್ನೇ, ಕಾಫಿ ಹೂ ಅರಳಿಸುವ ಮಳೆಯೇ ಹೂಮಳೆ. ಒಳಗಡೆ ನಿಮ್ಮ ಇಷ್ಟದ ಹಾಗೆ ಬರೆಯಿರಿ.

ಪೇಟೆಬೀದಿ_ವಿರಾಜಪೇಟೆ
ಲಿಂಕ್ ಬಂತು, ಮೂರು ಪೋಸ್ಟ್ ಓದಿದೆ. ಬೈಂಬಳೆ (ಬಿದಿರಿನ ಕಣಿಲೆ) ಸಾರಿನ ಪೋಸ್ಟ್ ತುಂಬಾ ಇಷ್ಟ ಆಯಿತು. ಒಂದು ದೂರು ಇದೆ. ನಮ್ಮ ಮನೆಯಲ್ಲಿ ಮಳೆ ಶುರುವಾದರೆ ಕರೆಂಟೂ ಇಲ್ಲ, ಟವರೂ ಇಲ್ಲ. ಗೇಟಿನ ಹತ್ತಿರ ಒಂದು ಕಡೆ ಮಾತ್ರ ಸಿಗ್ನಲ್. ಅಲ್ಲಿ ಕೊಡೆ ಹಿಡಿದು ನಿಂತು ಓದುವಾಗ ನಿಮ್ಮ ಫೋಟೋಗಳು ಇಳಿಯುವುದೇ ಇಲ್ಲ.

ಮಡಿಕೇರಿ_ಕಂಪ್ಯೂಟರ್
ಸರಿಯಾದ ಮಾತು. ಕ್ಯಾಮೆರಾದಿಂದ ನೇರ ಹಾಕಿದ ಫೋಟೋ ಒಂದೊಂದೂ ನಾಲ್ಕೈದು ಎಂಬಿ ಇರುತ್ತದೆ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ ಹಾಕಿದರೆ ಫೋನಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಫೋಟೋದ ಆಲ್ಟ್ ಟೆಕ್ಸ್ಟ್ ಜಾಗದಲ್ಲಿ ಅದೇನು ಅಂತ ಒಂದು ಸಾಲು ಕನ್ನಡದಲ್ಲಿ ಬರೆಯಿರಿ.

ಕೆಲವರು ಲೇಖನವನ್ನೇ ಚಿತ್ರ ಮಾಡಿ ಹಾಕುತ್ತಾರೆ, ಪೋಸ್ಟರ್ ಥರ. ವಾಟ್ಸಾಪ್‌ಗೆ ಸರಿ, ಬ್ಲಾಗಿಗೆ ಬೇಡ. ಹಳೆಯ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಇದ್ದರೆ ಯೂನಿಕೋಡ್‌ಗೆ ಬದಲಾಯಿಸಿಯೇ ಹಾಕಿ. ಇಲ್ಲದಿದ್ದರೆ ಗೂಗಲ್‌ಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ.

ಡಿಜಿಟಲ್_ಸುಂಟಿಕೊಪ್ಪ
ಇಷ್ಟೆಲ್ಲ ಕಷ್ಟ ಯಾಕೆ? ಎಐ ಹತ್ತಿರ ದಿನಕ್ಕೆ ಐದು ಲೇಖನ ಬರೆಸಿ ಹಾಕಿ. ಕಾಫಿ, ಏಲಕ್ಕಿ, ಕಿತ್ತಳೆ, ಜೇನು, ಏನು ಬೇಕಾದರೂ. ಆಡ್‌ಸೆನ್ಸ್ (ಗೂಗಲ್ ಜಾಹೀರಾತು) ಹಾಕಿದರೆ ದುಡ್ಡು ತಾನಾಗಿ ಬರುತ್ತದೆ.

ಕನ್ನಡಮೇಷ್ಟ್ರು_ಕುಶಾಲನಗರ
ಇದನ್ನು ನಾನು ಒಪ್ಪುವುದೇ ಇಲ್ಲ. ನಾಪೋಕ್ಲುವಿನ ಗದ್ದೆ ನೋಡದ ಯಂತ್ರ ನಾಪೋಕ್ಲು ಬಗ್ಗೆ ಬರೆದರೆ ಅದನ್ನು ಯಾರು ಓದಬೇಕು? ನಾವು ಪಾಯಸ ಮಾಡುವ ಮದ್ದುಸೊಪ್ಪಿನ ಬದಲು ಇನ್ಯಾವುದೋ ಸೊಪ್ಪಿನ ಹೆಸರು ಬರೆದಿಟ್ಟರೆ, ಅದನ್ನು ಓದಿ ಯಾರಾದರೂ ಕುದಿಸಿ ಕುಡಿದರೆ?

ಮಡಿಕೇರಿ_ಕಂಪ್ಯೂಟರ್
ಗೂಗಲ್ ನಿಯಮದಲ್ಲೂ ಅದಕ್ಕೆ ಜಾಗ ಇಲ್ಲ. ಓದುಗರಿಗೆ ಉಪಯೋಗ ಇಲ್ಲದೆ ಬರೀ ರ‍್ಯಾಂಕ್‌ಗಾಗಿ ರಾಶಿ ರಾಶಿ ಪುಟ ತಯಾರಿಸುವುದು ಸ್ಪ್ಯಾಮ್ ಅಂತ 2024ರ ಮಾರ್ಚ್‌ನಲ್ಲಿ ಸ್ಪಷ್ಟವಾಗಿ ಸೇರಿಸಿದರು. ಯಂತ್ರ ಬರೆಯಲಿ, ಮನುಷ್ಯ ಬರೆಯಲಿ, ನಿಯಮ ಒಂದೇ. ಸಿಕ್ಕಿಬಿದ್ದರೆ ಇಡೀ ಬ್ಲಾಗ್ ಹುಡುಕಾಟದಿಂದಲೇ ಹೊರಗೆ ಹೋಗಬಹುದು.

ಆಡ್‌ಸೆನ್ಸ್ ಬಗ್ಗೆ ಹೇಳುವುದಾದರೆ, ಕನ್ನಡ ಬ್ಲಾಗಿಗೂ ಅವಕಾಶ ಇದೆ. ಆದರೆ 100 ಡಾಲರ್ ಸೇರುವವರೆಗೆ ದುಡ್ಡು ಕೈಗೆ ಬರುವುದಿಲ್ಲ. 10 ಡಾಲರ್ ಆದಾಗ ಅಂಚೆಯಲ್ಲಿ ಒಂದು ಪಿನ್ ಬರುತ್ತದೆ, ಅದನ್ನು ಹಾಕಿ ವಿಳಾಸ ಖಚಿತ ಮಾಡಬೇಕು. ಓದುವವರು ಕಡಿಮೆ ಇರುವಾಗ ಜಾಹೀರಾತು ಹಾಕಿದರೆ ಪುಟ ನಿಧಾನ ಆಗುತ್ತದೆ ಅಷ್ಟೇ.

ಡಿಜಿಟಲ್_ಸುಂಟಿಕೊಪ್ಪ
ಸರಿ, ಐದು ಬೇಡ. ಆದರೆ ವಾರಕ್ಕೆ ಒಂದಾದರೂ ಹಾಕಬೇಕು, ಇಲ್ಲದಿದ್ದರೆ ಜನ ಮರೆಯುತ್ತಾರೆ. ಅದನ್ನಾದರೂ ಒಪ್ಪುತ್ತೀರಾ?

ಕನ್ನಡಮೇಷ್ಟ್ರು_ಕುಶಾಲನಗರ
ಒಪ್ಪುತ್ತೇನೆ. ಕೊಯ್ಲಿನ ಸಮಯ ಬಿಟ್ಟು.

ಅಮ್ಮತ್ತಿ_ಮಳೆಪುಸ್ತಕ
ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ನಾನೂ ಬೆಳೆಗಾರ, ನನ್ನದೂ ಒಂದು ಕನ್ನಡ ಬ್ಲಾಗ್ ಇದೆ, ಈಗ ಓದುವವರು ಚೆನ್ನಾಗಿದ್ದಾರೆ. ನನ್ನ ಅನುಭವದಲ್ಲಿ ಜನ ಬರುವುದು ಬೇರೆ ಎಲ್ಲೂ ಸಿಗದ್ದು ನಿಮ್ಮ ಹತ್ತಿರ ಸಿಕ್ಕಿದಾಗ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಮಳೆ ಪುಸ್ತಕ ಇದೆ. ಕೊಡಗಿನಲ್ಲಿ ಎಷ್ಟೋ ತೋಟಗಳಲ್ಲಿ ಇದೆ. ದಿನಾ ಬೆಳಿಗ್ಗೆ ಅಳತೆ ತೆಗೆದು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಟ್ಟದ್ದು. ನಾನು ಅದನ್ನು ತಿಂಗಳ ಪ್ರಕಾರ ಒಂದು ಟೇಬಲ್ ಮಾಡಿ ಹಾಕಿದೆ. ಫೋಟೋ ಅಲ್ಲ, ಟೈಪ್ ಮಾಡಿದ ಟೇಬಲ್. ಜೊತೆಗೆ ಆ ವರ್ಷ ಹೂಮಳೆ ಯಾವಾಗ ಬಂತು, ಅದಾದ ಮೇಲೆ ಬೇಕಾದ ಎರಡನೇ ಮಳೆ, ಅಂದರೆ ಬ್ಯಾಕಿಂಗ್ ಮಳೆ, ಸರಿಯಾಗಿ ಬಂತಾ, ಕಾಯಿ ಎಷ್ಟು ಕಟ್ಟಿತು ಅಂತ ಎರಡು ಸಾಲು. 2018ರ ಆಗಸ್ಟ್‌ನ ಪುಟ ಜಾಸ್ತಿ ಜನ ನೋಡುತ್ತಾರೆ. ಗುಡ್ಡ ಕುಸಿದ ಆ ವಾರ ಪ್ರತಿ ದಿನ ಎಷ್ಟು ಮಳೆ ಅಂತ ಅದರಲ್ಲಿದೆ. ಓದುವ ಹುಡುಗರು, ಪತ್ರಿಕೆಯವರು, ಬೇರೆ ತೋಟದವರು ಎಲ್ಲ ಬಂದರು. ಅವರು ತಮ್ಮ ಬರಹದಲ್ಲಿ ನನ್ನ ಪುಟದ ಲಿಂಕ್ ಕೊಟ್ಟರು. ಆಮೇಲೆ ಗೂಗಲ್ ನನ್ನ ಬೇರೆ ಪುಟಗಳನ್ನೂ ಮೇಲೆ ತೋರಿಸಲು ಶುರು ಮಾಡಿತು. ಲಿಂಕ್ ಕೊಡಿ ಅಂತ ನಾನು ಯಾರನ್ನೂ ಕೇಳಿರಲಿಲ್ಲ.

ಎರಡನೆಯದು, ಕಾಲ ನೋಡಿ ಬರೆಯುವುದು. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಕೊಡಗಿನಲ್ಲಿ ಮನೆಮನೆಯಲ್ಲೂ ಮದ್ದುಸೊಪ್ಪಿನ ಪಾಯಸ. ಹೊರಗೆ ಇರುವ ಮಕ್ಕಳು ಆ ವಾರ ಫೋನಿನಲ್ಲಿ ಹುಡುಕುತ್ತಾರೆ, ಸೊಪ್ಪು ಹೇಗಿರುತ್ತದೆ, ಪಾಯಸ ಹೇಗೆ ಮಾಡುವುದು ಅಂತ. ನೀವು ಆಗಸ್ಟ್ 2ಕ್ಕೆ ಬರೆದರೆ ಗೂಗಲ್ ಅದನ್ನು ಪಟ್ಟಿಗೆ ಸೇರಿಸುವಷ್ಟರಲ್ಲಿ ಹಬ್ಬ ಮುಗಿದಿರುತ್ತದೆ. ಜೂನ್ ಕೊನೆಗೇ ಹಾಕಿ. ಮರುವರ್ಷ ಹೊಸ ಪೋಸ್ಟ್ ಮಾಡಬೇಡಿ. ಅದೇ ಪುಟ ತೆರೆದು ಹೊಸ ಫೋಟೋ, ಹೊಸ ಮಾಹಿತಿ ಸೇರಿಸಿ. ಹಳೆ ವಿಳಾಸಕ್ಕೆ ಗಳಿಸಿದ ಹೆಸರು ಉಳಿಯುತ್ತದೆ. ಸೆಪ್ಟೆಂಬರ್‌ನ ಕೈಲ್‌ಪೋಳ್ದ್, ಅಕ್ಟೋಬರ್‌ನಲ್ಲಿ ತಲಕಾವೇರಿಯ ತೀರ್ಥೋದ್ಭವ, ಆಮೇಲೆ ಹುತ್ತರಿ, ಎಲ್ಲ ಹಬ್ಬಕ್ಕೂ ಇದೇ ಲೆಕ್ಕ. ತೀರ್ಥೋದ್ಭವದ ಹೊತ್ತು ವರ್ಷವರ್ಷ ಬದಲಾಗುತ್ತದೆ, ಅದನ್ನು ತಪ್ಪದೆ ತಿದ್ದಿ.

ಮೂರನೆಯದು ತಾಳ್ಮೆ. ಹೊಸ ಬ್ಲಾಗಿಗೆ ಹುಡುಕಾಟದಿಂದ ಜನ ಬರಲು ತಿಂಗಳುಗಳೇ ಬೇಕು. ಕಾಳುಮೆಣಸಿನ ಬಳ್ಳಿ ನೆಟ್ಟ ವರ್ಷವೇ ಫಸಲು ಕೇಳುತ್ತೇವಾ?

ಪೇಟೆಬೀದಿ_ವಿರಾಜಪೇಟೆ
ಮಳೆ ಪುಸ್ತಕ! ನಮ್ಮ ಮನೆಯಲ್ಲೂ ಅಟ್ಟದ ಮೇಲೆ ಇದೆ. ನಾಳೆಯೇ ಇಳಿಸುತ್ತೇನೆ.

ಊರುಬಿಟ್ಟವಳು_ಮೈಸೂರು
ಸೆಂಟ್ ಅಂದರೆ ಜಾಗದ ಅಳತೆ ಅಲ್ವಾ? ಮಳೆಗೂ ಸೆಂಟ್ ಇದೆಯಾ?

ಅಮ್ಮತ್ತಿ_ಮಳೆಪುಸ್ತಕ
ಇದೆಯಮ್ಮ. ಮಳೆಯಲ್ಲಿ 100 ಸೆಂಟ್ ಅಂದರೆ ಒಂದು ಇಂಚು, 25.4 ಮಿಲಿಮೀಟರ್. ‘ನಿನ್ನೆ ನಮ್ಮಲ್ಲಿ 60 ಸೆಂಟ್ ಬಿತ್ತು’ ಅಂತ ಬೆಳೆಗಾರರು ಹೇಳಿದರೆ ಸುಮಾರು 15 ಮಿಲಿಮೀಟರ್. ಬ್ಲಾಗಿನಲ್ಲಿ ಹಾಕುವಾಗ ಎರಡೂ ಅಳತೆ ಕೊಡಿ. ಹೊರಗಿನವರಿಗೆ ಸೆಂಟ್ ಗೊತ್ತಾಗುವುದಿಲ್ಲ, ನಮ್ಮವರಿಗೆ ಮಿಲಿಮೀಟರ್ ಹಿಡಿಸುವುದಿಲ್ಲ.

ಹಾಕಿ_ಪೊನ್ನಂಪೇಟೆ
ವಿಷಯ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. ಕುಟುಂಬಗಳ ಹಾಕಿ ಟೂರ್ನಿ ಬಗ್ಗೆ ಬರೆದರೆ ಓದುವವರಿಗೆ ಕೊರತೆ ಇಲ್ಲ. 1997ರಲ್ಲಿ ಕರಡದಲ್ಲಿ ಶುರುವಾದದ್ದು, ಈಗ ನೂರಾರು ಕುಟುಂಬಗಳು ಆಡುತ್ತವೆ. ಇವತ್ತು ಯಾರ ಮ್ಯಾಚ್, ನಿನ್ನೆ ಯಾರು ಗೆದ್ದರು ಅಂತ ದುಬೈಯಲ್ಲಿ ಕೂತವರೂ ಹುಡುಕುತ್ತಾರೆ. ಅಕ್ಕ, ನಿಮ್ಮ ಕುಟುಂಬದ ತಂಡ ಇದ್ದರೆ ಬರೆಯಿರಿ.

ಬೈಕ್_ಗೋಣಿಕೊಪ್ಪ
ಈ ಸಲ ನಮ್ಮ ಕಡೆಯ ತಂಡ ಫೈನಲ್ ಗ್ಯಾರಂಟಿ.

ಹಾಕಿ_ಪೊನ್ನಂಪೇಟೆ
ಪ್ರತಿ ಸಲ ಇದೇ ಮಾತು ಹೇಳುತ್ತೀರಿ. ಮೈದಾನದಲ್ಲಿ ನೋಡೋಣ.

ಊರುಬಿಟ್ಟವಳು_ಮೈಸೂರು
ನನ್ನಂಥವರ ಮಾತೂ ಕೇಳಿ. ನಾನು ಹುಟ್ಟಿದ್ದು ಸಿದ್ದಾಪುರದಲ್ಲಿ, ಈಗ ಮೈಸೂರಿನಲ್ಲಿ ಇದ್ದೇನೆ. ಕೊಡಗಿನ ಬಗ್ಗೆ ಏನಾದರೂ ಓದಬೇಕು ಅಂದರೆ ರೆಸಾರ್ಟ್ ಜಾಹೀರಾತು ಬಿಟ್ಟು ಏನೂ ಸಿಗುವುದಿಲ್ಲ. ಅಡುಗೆಗೆ ಹಾಕುವ ಹುಳಿ, ಕಾಚಂಪುಳಿ, ಮನೆಯಲ್ಲಿ ಹೇಗೆ ಮಾಡುವುದು ಅಂತ ಹುಡುಕಿದರೆ, ಅಂಗಡಿಯಿಂದ ಬಾಟಲಿ ತನ್ನಿ ಅಂತ ಬರುತ್ತದೆ. ಹಣ್ಣು ಯಾವಾಗ ಆರಿಸಬೇಕು, ರಸ ಎಷ್ಟು ಹೊತ್ತು ಕುದಿಸಬೇಕು, ಕಪ್ಪಾಗಿ ಗಟ್ಟಿಯಾಗುವುದು ಯಾವ ಹದಕ್ಕೆ, ಅದು ಗೊತ್ತಿರುವವರು ನಿಮ್ಮ ಅತ್ತೆಯಂಥವರು. ಅವರನ್ನು ಕೇಳಿ ಬರೆಯಿರಿ ಅಕ್ಕ. ನಾನು ನಮ್ಮ ಕುಟುಂಬದ ಗುಂಪಿಗೆಲ್ಲ ಕಳಿಸುತ್ತೇನೆ.

ಹೋಂಸ್ಟೇ_ಕಕ್ಕಬ್ಬೆ
ಇದು ಒಳ್ಳೆಯ ದಾರಿ. ಊರು ಬಿಟ್ಟವರು ಓದುಗರು ಅಂತ ನನಗೆ ಹೊಳೆದಿರಲಿಲ್ಲ. ಆದರೂ ನನ್ನ ಮಾತು ಪೂರ್ತಿ ಬಿಡುವುದಿಲ್ಲ. ಕೊಡಗಿನ ಎಷ್ಟೋ ಮಕ್ಕಳು ಹೊರಗೆ ಓದಿದವರು, ಅವರಿಗೆ ಕನ್ನಡ ಓದುವುದು ಕಷ್ಟ. ಅಡುಗೆಯ ಪೋಸ್ಟ್ ಒಂದೆರಡು ಇಂಗ್ಲಿಷಿನಲ್ಲೂ ಇರಲಿ, ಬೇರೆ ಪುಟವಾಗಿ.

ಕನ್ನಡಮೇಷ್ಟ್ರು_ಕುಶಾಲನಗರ
ಬೇರೆ ಪುಟ ಅಂದಿರಲ್ಲ, ಅದಕ್ಕೆ ನನ್ನ ತಕರಾರಿಲ್ಲ. ಒಂದೇ ಪುಟದಲ್ಲಿ ಎರಡೂ ಭಾಷೆ ಬೆರೆಸುವುದು ಬೇಡ.

ಮಡಿಕೇರಿ_ಕಂಪ್ಯೂಟರ್
ಹಂಚುವುದರ ಬಗ್ಗೆ ಎರಡು ಮಾತು. ಬ್ಲಾಗರ್‌ನಲ್ಲಿ ಮೊದಲು ಇಮೇಲ್ ಚಂದಾದಾರರ ಸೌಲಭ್ಯ ಇತ್ತು, 2021ರಲ್ಲಿ ನಿಲ್ಲಿಸಿದರು. ಈಗ ವಾಟ್ಸಾಪ್ ಚಾನೆಲ್ ಮಾಡಿಕೊಳ್ಳಿ, ಓದುವವರ ನಂಬರ್ ಬೇರೆಯವರಿಗೆ ಕಾಣಿಸುವುದಿಲ್ಲ. ಎಲ್ಲ ಗುಂಪಿಗೂ ಲಿಂಕ್ ಎಸೆಯಬೇಡಿ. ಕಾಫಿಯ ಕಾಯಿಕೊರಕ ಹುಳದ ಪೋಸ್ಟ್ ಇದ್ದರೆ ಬೆಳೆಗಾರರ ಗುಂಪಿಗೆ, ಪಾಯಸದ್ದು ಮನೆಯವರ ಗುಂಪಿಗೆ. ಬರೀ ಲಿಂಕ್ ಕಳಿಸದೆ ಒಳಗಿನ ಒಂದು ಉಪಯೋಗದ ವಿಷಯ ಎರಡು ಸಾಲಿನಲ್ಲಿ ಬರೆದು ಕಳಿಸಿ. ಒತ್ತುವುದು ಆಗ.

ಡೊಮೈನ್ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಬ್ಲಾಗರ್‌ಗೆ ಜೋಡಿಸಲು ಬೇರೆ ಖರ್ಚಿಲ್ಲ. ಮೊದಲ ವರ್ಷ ಅಗ್ಗ ಇರುತ್ತದೆ, ಎರಡನೇ ವರ್ಷದ ದರ ಎಷ್ಟು ಅಂತ ಕೇಳಿಯೇ ಕೊಳ್ಳಿ. ನಾಳೆ ಬ್ಲಾಗರ್ ಬಿಟ್ಟು ವರ್ಡ್‌ಪ್ರೆಸ್‌ಗೆ ಹೋದರೂ ವಿಳಾಸ ನಿಮ್ಮದೇ. ಮತ್ತೆ, ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಇಳಿಸಿಕೊಳ್ಳುವ ಆಯ್ಕೆ ಇದೆ. ತಿಂಗಳಿಗೊಮ್ಮೆ ಮಾಡಿ. ಹತ್ತು ವರ್ಷ ಉಳಿಯಬೇಕು ಅಂದಿರಲ್ಲ, ಅದಕ್ಕೆ.

ಸೋಮವಾರಪೇಟೆ_ಏಲಕ್ಕಿ
ಆನೆ ಬಂದ ಜಾಗದ ಫೋಟೋ ಹಾಕುವಾಗಲೂ ನೋಡಿಕೊಂಡು ಹಾಕಿ. ತೋಟದ ಕೆಲಸದವರ ಲೈನ್ ಮನೆ ಹತ್ತಿರ ಆನೆ ಇದೆ ಅಂತ ಗೊತ್ತಾದರೆ ನೋಡಲು ಬೈಕ್ ತೆಗೆದುಕೊಂಡು ಬರುವವರಿದ್ದಾರೆ.

ಬೈಕ್_ಗೋಣಿಕೊಪ್ಪ
ಸರಿ ಅಣ್ಣ, ಆನೆ ವಿಷಯದಲ್ಲಿ ನಾನೂ ಒಪ್ಪಿದೆ. ಜಲಪಾತದ್ದು ಆಮೇಲೆ ಮಾತಾಡೋಣ.

ನಾಪೋಕ್ಲು_ತೋಟದಮನೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕನ್ನಡದಲ್ಲೇ ಮುಂದುವರಿಸುತ್ತೇನೆ. ಮಾವನವರ ಮಳೆ ಪುಸ್ತಕ ನಮ್ಮಲ್ಲೂ ಇದೆ, ಗೆದ್ದಲು ಹಿಡಿಯದೆ ಉಳಿದಿದೆ. ಮೊದಲು ಅದನ್ನು ಟೈಪ್ ಮಾಡಲು ಕೂರುತ್ತೇನೆ. ಮದ್ದುಸೊಪ್ಪಿನ ಪೋಸ್ಟ್‌ಗೆ ಗಿಡದ ಫೋಟೋ ಎಲೆ ಸಮೇತ ಹತ್ತಿರದಿಂದ ತೆಗೆಯುತ್ತೇನೆ, ಬೇರೆ ಗಿಡ ಅಂದುಕೊಳ್ಳಬಾರದು. ಕಾಚಂಪುಳಿ ಬಗ್ಗೆ ಅತ್ತೆಯನ್ನು ಕೇಳಿದೆ, ಹಣ್ಣು ಬೀಳುವ ಸಮಯಕ್ಕೆ ಮಾಡಿಯೇ ತೋರಿಸುತ್ತೇನೆ ಅಂದರು. ಅಮ್ಮತ್ತಿಯವರೇ, ಮಳೆ ಟೇಬಲ್ ಹಾಕುವಾಗ ಬೇರೆ ಏನಾದರೂ ಗಮನಿಸಬೇಕಾ?

ಅಮ್ಮತ್ತಿ_ಮಳೆಪುಸ್ತಕ
ಅಳತೆ ಎಷ್ಟು ಗಂಟೆಗೆ ತೆಗೆದದ್ದು ಅಂತ ಟೇಬಲ್ ಕೆಳಗೆ ಬರೆಯಿರಿ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ನೋಡುತ್ತಾರೆ, ತೋಟಗಳಲ್ಲಿ ಒಬ್ಬೊಬ್ಬರದು ಒಂದೊಂದು ಹೊತ್ತು. ಹೋಲಿಸಿ ನೋಡುವವರಿಗೆ ಅದು ಬೇಕು. ಪುಸ್ತಕದಲ್ಲಿ ಖಾಲಿ ಬಿಟ್ಟ ದಿನಕ್ಕೆ ಸೊನ್ನೆ ಹಾಕಬೇಡಿ, ಖಾಲಿಯೇ ಬಿಡಿ. ಮಳೆ ಬರಲಿಲ್ಲವೋ, ಯಾರೂ ಅಳೆಯಲಿಲ್ಲವೋ ಗೊತ್ತಿಲ್ಲ ಅಲ್ವಾ. ಮೊದಲ ವರ್ಷದ್ದು ಹಾಕಿದ ಕೂಡಲೇ ಲಿಂಕ್ ಕಳಿಸಿ, ನನ್ನ ಪುಟದಿಂದ ಅಲ್ಲಿಗೆ ಲಿಂಕ್ ಕೊಡುತ್ತೇನೆ.